ಕೆಂಪಿಲ್ಲದ ಏಳನೇ ಬಿ

ರತ್ನಾವತಿ ಟೀಚರ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ತಾವು ಮಾಡಿದ ತಪ್ಪನ್ನು ಅವರು ಮೂವತ್ತು ಜನರ ಎದುರು ನಿಂತು ಹೇಳಿದರು. ಅದೇ ತಪ್ಪು ಮಾಡಿದ್ದ ನಾನು ಅದೇ ಕೋಣೆಯ ಮೂರನೇ ಸಾಲಿನಲ್ಲಿ ಕೂತು ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಇದ್ದೆ. ಇದು ಅವರ ಕತೆ. ನನ್ನದು ನಡುವೆ ಒಂದೆರಡು ಕಡೆ ಬರುತ್ತದೆ, ಅದನ್ನು ಬಿಟ್ಟು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಅಣ್ಣಾ ನಗರದಿಂದ ಕೀಲ್ಪಾಕ್ ಕಡೆಗೆ ಹೋಗುವ ಒಳರಸ್ತೆಯಲ್ಲಿ ನಮ್ಮ ಶಾಲೆ. ಪಾಠ ಇಂಗ್ಲಿಷಿನಲ್ಲಿ, ಆಟದ ಬಯಲಲ್ಲಿ ತಮಿಳು, ಸ್ಟಾಫ್ ರೂಮಿನ ಕಿಟಕಿ ಪಕ್ಕದ ಎರಡು ಮೇಜುಗಳಲ್ಲಿ ಮಾತ್ರ ಕನ್ನಡ. ಒಂದು ಮೇಜು ಗಣಿತದ ರತ್ನಕ್ಕನದು, ಇನ್ನೊಂದು ಸಮಾಜ ವಿಜ್ಞಾನದ ನನ್ನದು. ರತ್ನಕ್ಕ ಉಡುಪಿ ಕಡೆಯವರು. ಮದುವೆಯಾಗಿ ಈ ತಮಿಳು ಊರಿಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಸದಾನಂದಣ್ಣ ಕೋಡಂಬಾಕ್ಕದ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ. ನಾನು ಹುಟ್ಟಿ ಬೆಳೆದದ್ದೇ ಕೋಡಂಬಾಕ್ಕದಲ್ಲಿ. ನನ್ನಪ್ಪ ಸಿನಿಮಾ ಸ್ಟುಡಿಯೋಗಳಲ್ಲಿ ಸೆಟ್ಟಿನ ಬಡಗಿಯಾಗಿದ್ದರು. "ನಿನ್ನ ಕನ್ನಡದಲ್ಲಿ ಕನ್ನಡ ಎಲ್ಲಿ ಉಂಟು ಅಂತ ಹುಡುಕ್ಬೇಕು ಅಶ್ವಿತಾ" ಎಂದು ರತ್ನಕ್ಕ ದಿನಕ್ಕೊಂದು ಸಲವಾದರೂ ಗೇಲಿ ಮಾಡದಿದ್ದರೆ ಅವರಿಗೆ ಮಧ್ಯಾಹ್ನದ ಊಟ ಇಳಿಯುತ್ತಿರಲಿಲ್ಲ.

ಅಚ್ಚುಕಟ್ಟಿನ ಹೆಂಗಸು. ಅವರ ಬೀರು ತೆರೆದರೆ ಪೇಪರಿನ ಕಟ್ಟುಗಳು ತಿಂಗಳವಾರು, ತರಗತಿವಾರು, ಹಸಿರು ದಾರ ಕಟ್ಟಿಕೊಂಡು ಕೂತಿರುತ್ತಿದ್ದವು. ಸೀರೆಯ ನೆರಿಗೆಯಿಂದ ಹಿಡಿದು ಸೀಮೆಸುಣ್ಣದ ಡಬ್ಬಿಯವರೆಗೆ ಎಲ್ಲವೂ ಸರಿಯಾಗಿರಬೇಕು. ತಮ್ಮ ತರಗತಿಯನ್ನು ಯಾರಾದರೂ ಹೊಗಳಿದರೆ "ಅಯ್ಯೋ, ನಂದೆಂತ ಇಲ್ಲ, ಮಕ್ಕಳು ಒಳ್ಳೆಯವು" ಎನ್ನುವರು. ಎನ್ನುವಾಗ ಮುಖ ಮಾತ್ರ ಅರಳಿರುತ್ತಿತ್ತು. ಹೊಗಳಿಕೆಯ ರುಚಿ ಅವರಿಗೆ ಚೆನ್ನಾಗಿ ಹತ್ತಿತ್ತು. ನಮಗೆಲ್ಲ ಹತ್ತಿರುತ್ತದೆ, ಅವರಿಗೆ ಸ್ವಲ್ಪ ಹೆಚ್ಚು ಸಿಗುತ್ತಿತ್ತು ಅಷ್ಟೆ.

ಕಳೆದ ಜೂನ್‌ನಲ್ಲಿ ಶಾಲೆಗೆ ಹೊಸ ಸಾಫ್ಟ್‌ವೇರ್ ಬಂತು. ಪ್ರತಿ ತಿಂಗಳ ಕೊನೆಯ ಶುಕ್ರವಾರ ಐವತ್ತು ಅಂಕದ ಟೆಸ್ಟು. ಪಕ್ಷಪಾತ ಬರಬಾರದೆಂದು ಎ ವಿಭಾಗದ ಪೇಪರನ್ನು ಬಿ ಟೀಚರು, ಬಿ ವಿಭಾಗದ್ದನ್ನು ಎ ಟೀಚರು ತಿದ್ದುವುದು. ತಿದ್ದಿ ಬಂದ ಕಟ್ಟಿನ ಮೇಲ್ಪುಟದ ಮೊತ್ತವನ್ನು ನಾವು ಕಂಪ್ಯೂಟರಿಗೆ ತುಂಬಬೇಕು. ಮೂವತ್ತರ ಮೇಲೆ ಬಂದ ಮಗುವಿನ ಚೌಕ ಹಸಿರಾಗುತ್ತದೆ, ಇಪ್ಪತ್ತರಿಂದ ಮೂವತ್ತು ಹಳದಿ, ಇಪ್ಪತ್ತರ ಕೆಳಗೆ ಕೆಂಪು. ಟೆಸ್ಟಿಗೆ ಬಾರದ ಮಗುವಿನ ಚೌಕ ಬೂದು, ಅದು ಲೆಕ್ಕಕ್ಕೇ ಇಲ್ಲ. ಕೆಂಪು ಬಂದ ಮಕ್ಕಳನ್ನು ಹುಡುಕಿ ಅವರಿಗೆ ಬೇಕಾದ್ದನ್ನು ಕಲಿಸುವುದಕ್ಕೆ ಈ ವ್ಯವಸ್ಥೆ ಎಂದು ಪ್ರಿನ್ಸಿಪಾಲರು ಮೊದಲ ಸಭೆಯಲ್ಲಿ ಹೇಳಿದರು. ಡಿಸೆಂಬರಿನಲ್ಲಿ ಶುರುವಾಗುವ ಸ್ಪೆಷಲ್ ಕ್ಲಾಸಿಗೆ ಇಪ್ಪತ್ತು ಮಕ್ಕಳನ್ನು ಈ ಕೆಂಪಿನ ಪಟ್ಟಿಯಿಂದಲೇ ಆರಿಸುವುದು ಎಂದೂ ಹೇಳಿದರು. ಆಮೇಲೆ ಅದೇ ಉಸಿರಿನಲ್ಲಿ, ಒಂದೂ ಕೆಂಪಿಲ್ಲದ ತರಗತಿಯ ಹೆಸರನ್ನು ಆಫೀಸಿನ ಹೊರಗಿನ ಬೋರ್ಡಿನಲ್ಲಿ ಟೀಚರ ಹೆಸರಿನ ಜೊತೆಗೆ ಹಾಕುತ್ತೇವೆ ಎಂದರು. ಮೊದಲ ಮಾತು ನಮಗೆ ಕಿವಿಯಲ್ಲಿ ಉಳಿಯಲಿಲ್ಲ, ಎರಡನೆಯದು ಉಳಿಯಿತು.

ಜುಲೈ ಟೆಸ್ಟಿನಲ್ಲಿ ರತ್ನಕ್ಕನ ಏಳನೇ ಬಿ ತರಗತಿಯ ಮೂವತ್ತೆಂಟು ಚೌಕಗಳಲ್ಲಿ ಒಂದೇ ಒಂದು ಕೆಂಪಾಯಿತು. ಮೌನ, ಐವತ್ತಕ್ಕೆ ಹನ್ನೆರಡು.

ಮೌನಳ ಮನೆಯವರು ಮಂಡ್ಯ ಕಡೆಯಿಂದ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. ತಂದೆ ನಾಗರಾಜ ಊರಾಚೆಯ ಕಾರ್ಖಾನೆಯಲ್ಲಿ ಎಂಜಿನಿಯರು, ಬೆಳಗ್ಗೆ ಆರಕ್ಕೇ ಕಂಪನಿ ಬಸ್ಸು ಹತ್ತುವವರು. ತಾಯಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವರು. ಮಗುವನ್ನು ಶಾಲೆಗೆ ಬಿಡುವುದು, ಕರೆದೊಯ್ಯುವುದು ಎಲ್ಲ ಅಜ್ಜಿ ಚಿಕ್ಕತಾಯಮ್ಮನದು. ತಮಿಳು ಒಂದಕ್ಷರ ಬಾರದ ಆ ಮುದುಕಿಗೆ ಈ ಊರಿನಲ್ಲಿ ಸಿಕ್ಕಿದ ಕನ್ನಡದ ಬಾಯಿ ರತ್ನಕ್ಕನದು. ಗೇಟಿನಲ್ಲಿ ಕಂಡರೆ "ಟೀಚರಮ್ಮ, ಉಂಡ್ರಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಬೆಳಗ್ಗೆ ಎಂಟೂಕಾಲಿಗೆ ಯಾರು ಉಂಡಿರುತ್ತಾರೆ!

ಆ ತಿಂಗಳು ಬೋರ್ಡಿನಲ್ಲಿ ಆರನೇ ಎ ಬಂತು, ಎಂಟನೇ ಸಿ ಬಂತು, ಏಳನೇ ಬಿ ಬರಲಿಲ್ಲ. ರತ್ನಕ್ಕ ಬೋರ್ಡಿನ ಮುಂದೆ ಹೋಗುವಾಗ ಮೊಬೈಲು ನೋಡಿಕೊಂಡು ಹೋಗತೊಡಗಿದರು. ಆಗಸ್ಟ್ ಟೆಸ್ಟಿನ ಹಿಂದಿನ ಸಂಜೆ ಗೇಟಿನಲ್ಲಿ ಚಿಕ್ಕತಾಯಮ್ಮ ಸಿಕ್ಕಾಗ ನಾನೂ ಪಕ್ಕದಲ್ಲಿದ್ದೆ.

"ಅಮ್ಮಾ, ಮೌನ ಯಾಕೋ ತುಂಬ ಬಿಳಚಿಕೊಂಡಿದ್ದಾಳೆ. ಕ್ಲಾಸಲ್ಲಿ ಸುಸ್ತು ಮಾಡ್ಕೊಂಡು ಕೂತಿರ್ತಾಳೆ" ಎಂದರು ರತ್ನಕ್ಕ. "ನಾಳೆ ಒಂದು ದಿನ ಮನೆಯಲ್ಲೇ ಇರ್ಲಿ. ಜ್ವರ ಅಂತ ಒಂದು ಚೀಟಿ ಬರೆದು ಸೋಮವಾರ ಕಳಿಸಿ, ಆಯ್ತಾ? ಟೆಸ್ಟಿನ ಚಿಂತೆ ನೀವು ಮಾಡ್ಬೇಡಿ, ನಾನು ನೋಡ್ಕೊಳ್ತೇನೆ."

ಮುದುಕಿ ಎರಡೂ ಕೈ ಎತ್ತಿ ಮುಗಿದರು. "ಹೆತ್ತೋರ್ಗೂ ಕಾಣ್ದಿದ್ದು ನಿಮ್ಗೆ ಕಾಣ್ತಲ್ಲವ್ವ."

ಈ ಊರಿನಲ್ಲಿ ಹಳಬರಾದ ಯಾವ ತಂದೆತಾಯಿಯೂ ಆ ಮಾತನ್ನು ನಂಬುತ್ತಿರಲಿಲ್ಲ. ಟೆಸ್ಟಿನ ಹಿಂದಿನ ದಿನ ಟೀಚರು ಮಗುವಿನ ಆರೋಗ್ಯ ವಿಚಾರಿಸಿದರೆ ಅದರ ಅರ್ಥ ಏನೆಂದು ಅವರಿಗೆ ಗೊತ್ತು. ಕೆಲವರು ಮುಖ ಗಂಟಿಕ್ಕುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ, ಉಳಿದವರು ಸುಮ್ಮನೆ ಚೀಟಿ ಬರೆದು ಕೊಡುತ್ತಾರೆ. ಚಿಕ್ಕತಾಯಮ್ಮ ಹೊಸಬರು. ಮೇಲಾಗಿ ಹೇಳಿದವರು ನಮ್ಮ ಭಾಷೆಯವರು. ಅವರು ನಂಬಿಬಿಟ್ಟರು.

"ಎಂತ ಹಾಗೆ ನೋಡ್ತೀಯಾ?" ಎಂದು ರತ್ನಕ್ಕ ನನ್ನನ್ನು ಕೇಳಿದರು.

"ಅಯ್ಯೋ ವಿಡುಂಗ ಅಕ್ಕಾ, ಬಿಟ್ಬಿಡಿ, ಎಲ್ಲಾರೂ ಮಾಡೋದೇ ತಾನೆ" ಎಂದೆ ನಾನು. ಆ ಮಾತು ಅಷ್ಟು ಸಲೀಸಾಗಿ ಬಂತು, ಯಾಕೆಂದರೆ ಹಿಂದಿನ ತಿಂಗಳು ನಾನೂ ಅದನ್ನೇ ಮಾಡಿದ್ದೆ. ನನ್ನ ತರಗತಿಯ ಪ್ರಣಮ್ಯಾಳನ್ನು ಟೆಸ್ಟಿನ ಹೊತ್ತಿಗೆ ಲೈಬ್ರರಿಗೆ ಕಳಿಸಿ, ಹಳೆಯ ನಕಾಶೆಗಳ ಧೂಳು ಒರೆಸಿ ಜೋಡಿಸಿಡು ಎಂದಿದ್ದೆ. ಪಾಪದ ಹುಡುಗಿ ನಕಾಶೆಗಳನ್ನು ಎಷ್ಟು ಚೆನ್ನಾಗಿ ಜೋಡಿಸಿಟ್ಟಿದ್ದಳು!

ಆಗಸ್ಟಿನಲ್ಲಿ ಏಳನೇ ಬಿ ಬೋರ್ಡಿಗೆ ಬಂತು. ಸೆಪ್ಟೆಂಬರಿನಲ್ಲೂ ಬಂತು, ಅಕ್ಟೋಬರಿನಲ್ಲೂ. ಪ್ರತಿ ಸಲವೂ ಗುರುವಾರ ಸಂಜೆ ರತ್ನಕ್ಕ ಗೇಟಿನಲ್ಲಿ ಒಂದು ನಿಮಿಷ ನಿಂತು ಮಾತಾಡುವರು, ಶುಕ್ರವಾರ ಮೌನಳ ಬೆಂಚು ಖಾಲಿ. ನವೆಂಬರಿನ ಹೊತ್ತಿಗೆ ಅವರು ಹೇಳುವ ಅಗತ್ಯವೂ ಉಳಿಯಲಿಲ್ಲ, ಅಜ್ಜಿ ತಾವಾಗಿಯೇ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಂಡರು. ಉಳಿದ ದಿನಗಳಲ್ಲಿ ಮೌನ ತರಗತಿಯಲ್ಲಿ ಬೋರ್ಡಿನ ಲೆಕ್ಕವನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಾ ಕೂರುತ್ತಿದ್ದಳು. ನೋಟ್‌ಬುಕ್ಕು ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಸಂಜೆಯ ಥ್ರೋಬಾಲಿಗೆ ಮಾತ್ರ ಅವಳು ಬರುವುದು ನಿಂತಿತು. ಕಟ್ಟೆಯ ಮೇಲೆ ಎಲ್ಲರ ನೀರಿನ ಬಾಟಲು ಕಾಯುತ್ತಾ ಕೂತಿರುವುದನ್ನು ನಾನೇ ನೋಡಿದ್ದೇನೆ. ಯಾಕೆಂದು ಕೇಳಲಿಲ್ಲ.

ನವೆಂಬರಿನ ಟೆಸ್ಟು ಮುಗಿದ ಮರುವಾರ ಪ್ರಿನ್ಸಿಪಾಲರು ರತ್ನಕ್ಕನನ್ನು ಕರೆದು, ಶನಿವಾರ ನಮ್ಮ ಮೂರೂ ಶಾಖೆಗಳ ಟೀಚರುಗಳಿಗೆ ನೀವು ಒಂದು ಗಂಟೆ ಮಾತಾಡಬೇಕು ಎಂದರು. ವಿಷಯ: ಅಂಕಗಳ ಮಾಹಿತಿ ಬಳಸಿ ಕಲಿಕೆ ಸುಧಾರಿಸುವುದು ಹೇಗೆ. ಒಂದು ಕೆಂಪಿದ್ದ ತರಗತಿ ನಾಲ್ಕು ತಿಂಗಳು ಸತತವಾಗಿ ಕೆಂಪಿಲ್ಲದೆ ಉಳಿದದ್ದು ಇಡೀ ಸಂಸ್ಥೆಯಲ್ಲಿ ಇದೊಂದೇ ಅಂತೆ. ಅದೇ ಶನಿವಾರ ಸ್ಪೆಷಲ್ ಕ್ಲಾಸಿನ ಪಟ್ಟಿಯೂ ಅಂತಿಮವಾಗುವುದಿತ್ತು. ಎರಡು ಸಲ ಕೆಂಪು ಬಂದ ಮಕ್ಕಳಿಗೆ ಮಾತ್ರ ಜಾಗ. ಮೌನಳಿಗೆ ಒಂದೇ ಕೆಂಪು, ಉಳಿದ ನಾಲ್ಕೂ ಬೂದು. ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. ಅದು ಗೊತ್ತಿದ್ದೂ ರತ್ನಕ್ಕ ಮಂಗಳವಾರ, ಬುಧವಾರ ಎರಡೂ ದಿನ ಕೂತು ಸ್ಲೈಡು ಮಾಡಿದರು. ಚೌಕಗಳಿಗೆ ಒಳ್ಳೆಯ ಬಣ್ಣ ಹುಡುಕಲು ನಾನು ಸಹಾಯ ಮಾಡಿದೆ.

ಗುರುವಾರ ಸಂಜೆ ಚಿಕ್ಕತಾಯಮ್ಮ ಗೇಟಿನಲ್ಲಿ ಒಂದು ನೀಲಿ ಫೈಲು ಹಿಡಿದು ಕಾಯುತ್ತಿದ್ದರು. ನಮ್ಮಿಬ್ಬರನ್ನೂ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿ ಫೈಲು ತೆರೆದರು.

"ಟೀಚರಮ್ಮ, ಮೂರ್ ಸಲ ರಕ್ತ ತೆಗೆದ್ಲು ಕಣವ್ವ ನನ್ ಸೊಸೆ. ತಿಂಗ್ಳಿಗೊಂದ್ ಸಲ. ಥೈರಾಯ್ಡೂ ನೋಡಿದ್ರು, ಇನ್ನೂ ಏನೇನೋ ನೋಡಿದ್ರು. ಏನೂ ಇಲ್ವಂತೆ. ಆಟ ಬುಡ್ಸಿದ್ದೀನಿ. ಬೆಳಿಗ್ಗೆ ಕಷಾಯ ಕೊಡ್ತೀನಿ, ಕುಡಿಯಾಕಾಗದೆ ಅಳ್ತಾಳೆ, ಮೂಗು ಹಿಡ್ಕೊಂಡು ಕುಡುಸ್ತೀನಿ. ನೀವು ಹೇಳ್ದಂಗೆ ಪರೀಕ್ಷೆ ದಿನ ಮನೇಲೇ ಮಲಗ್ಸ್ತೀನಿ. ಆದ್ರೂ ನಿಮ್ ಕಣ್ಣಿಗೆ ಅವ್ಳು ಸುಸ್ತಾಗೇ ಕಾಣ್ತಾಳೆ ಅಂದ್ರೆ ಒಳಗೇನೋ ಅದೆ ಕಣವ್ವ. ನಾಗರಾಜ ಸೋಮವಾರ ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಮಾಡ್ಸಾನ ಅಂತಾನೆ. ನೀವು ಓದಿದೋರು. ಇದ್ರಲ್ಲಿ ಏನಾರಾ ನೋಡೋದು ಬಿಟ್ಟೋಗಿದ್ರೆ ಒಸಿ ಹೇಳಿ."

ರತ್ನಕ್ಕ ಫೈಲು ತೆಗೆದುಕೊಂಡರು. ತಿಂಗಳವಾರು ಜೋಡಿಸಿದ ವರದಿಗಳು. ಪ್ರತಿ ಹಾಳೆಯಲ್ಲೂ ಮೌನಳ ಹೆಸರು, ಪ್ರತಿ ಸಾಲಿನ ಪಕ್ಕದಲ್ಲಿ ತಾಯಿ ಪೆನ್ನಿನಿಂದ ಹಾಕಿದ ಸಣ್ಣ ಗುರುತು. ಒಂದೊಂದು ಅಂಶವನ್ನೂ ಆಕೆ ಹಿಂದಿನ ತಿಂಗಳಿನದರ ಜೊತೆ ಹೋಲಿಸಿ ನೋಡಿದ್ದಳು. ರತ್ನಕ್ಕ ಎಲ್ಲ ಪುಟ ತಿರುವಿದರು. ಕೊನೆಗೆ, "ಸ್ಕ್ಯಾನ್ ಬೇಡಮ್ಮಾ, ಸೋಮವಾರ ನಾನು ಹೇಳ್ತೇನೆ" ಎಂದಷ್ಟೇ ಹೇಳಿ ಎದ್ದುಬಿಟ್ಟರು.

ನಾನು ಬಸ್ಸಿಗೆ ಹೊರಟಿದ್ದೆ. ಅವರು ವಾಪಸು ಸ್ಟಾಫ್ ರೂಮಿಗೆ ಹೋಗುವುದು ಕಂಡು ಹಿಂದೆ ಹೋದೆ. ಬೀರು ತೆರೆದು ಜುಲೈನ ಕಟ್ಟು ತೆಗೆದರು. ಹಸಿರು ದಾರದ ಗಂಟು ನಾಲ್ಕು ತಿಂಗಳಿಂದ ಬಿಚ್ಚಿರಲಿಲ್ಲ, ಕತ್ತರಿ ಹಾಕಿದರು. ಮೌನಳ ಪೇಪರು ಸಿಕ್ಕಿತು. ಅದನ್ನು ಮೇಜಿನ ಮೇಲೆ ಹರಡಿಕೊಂಡು, ಮೊತ್ತವನ್ನು ಬಿಟ್ಟು ಲೆಕ್ಕಗಳನ್ನು ನೋಡಿದರು.

ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ಏಳು ಪ್ರಶ್ನೆಗಳು ಭಿನ್ನರಾಶಿಯವು. ಏಳಕ್ಕೂ ಸೊನ್ನೆ. ಉಳಿದ ಮೂರರಲ್ಲಿ ಹದಿನೈದಕ್ಕೆ ಹನ್ನೆರಡು. ಏಳು ಸೊನ್ನೆಗಳನ್ನು ಒಂದೊಂದಾಗಿ ನೋಡಿದರೆ ತಪ್ಪು ಏಳಲ್ಲ, ಒಂದೇ. ಎರಡರಲ್ಲಿ ಒಂದಕ್ಕೆ ಮೂರರಲ್ಲಿ ಒಂದನ್ನು ಕೂಡಿಸು ಎಂದರೆ, ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ ಐದರಲ್ಲಿ ಎರಡು ಎಂದು ಬರೆದಿದ್ದಳು. ಕೂಡುವಲ್ಲಿ ಹಾಗೆ, ಕಳೆಯುವಲ್ಲೂ ಹಾಗೆ. ಎಲ್ಲಿಯೂ ಗೊಂದಲವಿಲ್ಲ, ಎಲ್ಲಿಯೂ ಚಿತ್ತಿಲ್ಲ. ಯಾವಾಗಲೋ ಒಂದು ದಿನ ತಪ್ಪಾಗಿ ತಿಳಿದುಕೊಂಡದ್ದನ್ನು ಹುಡುಗಿ ನಿಷ್ಠೆಯಿಂದ ಏಳು ಸಲ ಮಾಡಿದ್ದಳು.

"ಕಾಲು ಗಂಟೆ" ಎಂದರು ರತ್ನಕ್ಕ. "ಜುಲೈಯಲ್ಲಿ ಕಾಲು ಗಂಟೆ ಕೂತ್ಕೊಂಡಿದ್ರೆ ಸಾಕಿತ್ತು ಅಶ್ವಿತಾ."

ಆಮೇಲೆ ಇಡೀ ಕಟ್ಟು ನೋಡಿದರು. ಹಳದಿಯಾಗಿದ್ದ ಆರು ಮಕ್ಕಳ ಪೇಪರಿನಲ್ಲೂ ಎರಡು ಮೂರು ಕಡೆ ಅದೇ ತಪ್ಪು. ಮೂವತ್ತೆಂಟು ಚೌಕಗಳ ಬಣ್ಣ ಬಾಯಿಪಾಠವಿದ್ದ ಹೆಂಗಸಿಗೆ ಒಂದು ಮಗುವಿನ ಒಂದು ಲೆಕ್ಕ ಗೊತ್ತಿರಲಿಲ್ಲ. ಅವರು ಅಳುತ್ತಾರೆಂದು ನಾನು ಕಾದೆ. ಅಳಲಿಲ್ಲ. ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿ, ನನ್ನ ಕಡೆ ನೋಡದೆ ಪೇಪರುಗಳನ್ನು ಮತ್ತೆ ಜೋಡಿಸತೊಡಗಿದರು. ಇನ್ನೊಬ್ಬರ ನಾಚಿಕೆಯನ್ನು ಅಷ್ಟು ಹತ್ತಿರದಿಂದ ನೋಡುವುದು ಕಷ್ಟ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಂದೆ.

ಶನಿವಾರ ಬೆಳಗ್ಗೆ ಮೇಲಿನ ಹಾಲಿನಲ್ಲಿ ಮೂವತ್ತು ಜನ ಟೀಚರುಗಳು. ಪ್ರಿನ್ಸಿಪಾಲರು ರತ್ನಕ್ಕನನ್ನು ಹೊಗಳಿ ಕೂತರು. ಪರದೆಯ ಮೇಲೆ ಏಳನೇ ಬಿ ಮೂಡಿತು, ಜುಲೈಯಿಂದ ನವೆಂಬರಿನವರೆಗೆ. ಹಸಿರು, ಹಸಿರು, ಅಲ್ಲಲ್ಲಿ ಹಳದಿ. ಕೆಲವರು ಫೋಟೋ ತೆಗೆದುಕೊಂಡರು.

"ಈ ಸಾಲು ನೋಡಿ" ಎಂದು ರತ್ನಕ್ಕ ಇಂಗ್ಲಿಷಿನಲ್ಲಿ ಶುರುಮಾಡಿದರು. "ಒಂದು ಕೆಂಪು, ನಾಲ್ಕು ಬೂದು. ಈ ಹುಡುಗಿ ನಾಲ್ಕು ಟೆಸ್ಟಿಗೆ ಬಂದಿಲ್ಲ. ಹುಷಾರಿಲ್ಲದೆ ಅಲ್ಲ. ಬರಬೇಡ ಎಂದು ನಾನೇ ಹೇಳಿದ್ದೆ." ಆಮೇಲೆ ತಮಿಳಿಗೆ ತಿರುಗಿದರು, ಅದರಲ್ಲಾದರೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ. ಬೋರ್ಡಿನ ಮೇಲೆ ತನ್ನ ಹೆಸರು ಬರಲೆಂದು ಮಗುವಿಗೆ ಕಾಯಿಲೆಯಿದೆ ಎಂದು ಮನೆಯವರಿಗೆ ಸುಳ್ಳು ಹೇಳಿದೆ, ಅವರು ಅದನ್ನು ನಂಬಿ ಮೂರು ಸಲ ರಕ್ತ ತೆಗೆಸಿದರು ಎಂದು ಹೇಳಿದರು. ಜುಲೈನ ಪೇಪರನ್ನು ಎತ್ತಿ ಹಿಡಿದು ಏಳು ಲೆಕ್ಕಗಳನ್ನು ಒಂದೊಂದಾಗಿ ತೋರಿಸಿದರು. "ಯಾರಿಗೆ ಬರುವುದಿಲ್ಲ ಎಂದು ಬಣ್ಣ ನನಗೆ ಹೇಳಿತು. ಏನು ಬರುವುದಿಲ್ಲ ಎನ್ನುವುದು ಇದರೊಳಗಿತ್ತು. ನಾನು ಇದನ್ನು ತೆರೆದೇ ಇರಲಿಲ್ಲ. ನನಗೆ ಹೇಳಲಿಕ್ಕೆ ಬೇರೆ ಏನೂ ಇಲ್ಲ."

ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಮೂವತ್ತು ಜನರಲ್ಲಿ ಎಷ್ಟು ಜನರ ತರಗತಿಯಲ್ಲಿ ಬೂದು ಚೌಕಗಳಿದ್ದವೋ ದೇವರಿಗೇ ಗೊತ್ತು. ನನ್ನ ತರಗತಿಯಲ್ಲಿ ಮೂರು ಇದ್ದವು, ಮೂರೂ ಪ್ರಣಮ್ಯಾಳವು. ನಾನು ಆಗ ಎದ್ದು ನಿಂತಿದ್ದರೆ ರತ್ನಕ್ಕ ಒಬ್ಬರೇ ನಿಂತಿರಬೇಕಾಗಿರಲಿಲ್ಲ. ನಾನು ನಿಲ್ಲಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿ, ಟೀ ಬಂದಿದೆ ಎಂದರು. ಎಲ್ಲರೂ ಅಷ್ಟು ಚುರುಕಾಗಿ ಟೀಗೆ ಎದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಧ್ಯಾಹ್ನ ಆಫೀಸಿಗೆ ಕರೆಸಿ ಏನು ಹೇಳಿದರೆಂದು ರತ್ನಕ್ಕ ಪೂರ್ತಿ ಹೇಳಲಿಲ್ಲ. ಏಳನೇ ಬಿ ಹೆಸರು ಬೋರ್ಡಿನಿಂದ ಹೋಯಿತು, ತರಗತಿಯ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಅವರು ಕೇಳಿಕೊಂಡದ್ದು ಒಂದೇ, ಪಟ್ಟಿಗೆ ಇಪ್ಪತ್ತೊಂದನೆಯ ಹೆಸರು ಸೇರಿಸಿ ಎಂದು. ಸೇರಿಸಿದರು.

ಸೋಮವಾರ ಊಟದ ಬಿಡುವಿನಲ್ಲಿ ಅವರು ಮೌನಳನ್ನು ಸ್ಟಾಫ್ ರೂಮಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ತಮ್ಮ ಡಬ್ಬಿಯ ದೋಸೆಯನ್ನೇ ತೆಗೆದು ಅರ್ಧ ಮಾಡಿದರು. "ಇದು ಅರ್ಧ. ಇದಕ್ಕೆ ಇನ್ನೊಂದು ತುಂಡು ಸೇರಿಸಿದ್ರೆ ಹೆಚ್ಚಾಗ್ತದಾ, ಕಡಿಮೆಯಾಗ್ತದಾ?"

"ಹೆಚ್ಚಾಗತ್ತೆ ಮಿಸ್."

"ನೀನು ಸೇರಿಸಿ ಐದರಲ್ಲಿ ಎರಡು ಅಂತ ಬರೆದಿದ್ದೀ. ಅದು ಅರ್ಧಕ್ಕಿಂತ ಹೆಚ್ಚಾ?"

ಹುಡುಗಿ ದೋಸೆಯ ಎರಡು ಅರ್ಧಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಎಲ್ಲ ತುಂಡುಗಳನ್ನೂ ಒಂದೇ ಅಳತೆಗೆ ತಂದು ಕೂಡಬೇಕೆಂದು ರತ್ನಕ್ಕ ತೋರಿಸಿಕೊಟ್ಟರು. ಗಂಟೆ ಹೊಡೆಯುವಷ್ಟರಲ್ಲಿ ಏಳರಲ್ಲಿ ಐದು ಲೆಕ್ಕ ಸರಿಯಾಗಿ ಮಾಡಿದ್ದಳು.

ಸಂಜೆ ಗೇಟಿಗೆ ರತ್ನಕ್ಕ ನನ್ನನ್ನೂ ಕರೆದರು. ಹೋಗಲು ನನಗೆ ಮನಸ್ಸಿರಲಿಲ್ಲ, ಹೋದೆ. ಬೇವಿನ ಮರದ ಕೆಳಗೆ ಚಿಕ್ಕತಾಯಮ್ಮ, ಪಕ್ಕದಲ್ಲಿ ಬ್ಯಾಗು ಹೊತ್ತ ಮೌನ. ರತ್ನಕ್ಕ ಕೂರಲಿಲ್ಲ.

"ಅಮ್ಮಾ, ಮೌನಳಿಗೆ ಯಾವ ಕಾಯಿಲೆಯೂ ಇಲ್ಲ. ಅವಳು ಬಿಳಚಿಕೊಂಡೂ ಇರ್ಲಿಲ್ಲ, ಸುಸ್ತೂ ಇರ್ಲಿಲ್ಲ. ಅವಳಿಗೆ ಅಂಕ ಕಡಿಮೆ ಬಂದ್ರೆ ನನ್ನ ಹೆಸರು ಹಾಳಾಗ್ತದೆ ಅಂತ ಟೆಸ್ಟಿಗೆ ಕಳಿಸ್ಬೇಡಿ ಅಂದದ್ದು. ತಪ್ಪಾಯ್ತು. ಬೈಯಿರಿ, ಎಂತ ಬೇಕಾದ್ರೂ ಹೇಳಿ."

ಮುದುಕಿ ಬೈಯಲಿಲ್ಲ. ಕೊನೆಯ ಮಾತುಗಳು ಅವರ ಕಿವಿಗೆ ಬಿದ್ದವೋ ಇಲ್ಲವೋ. "ಕಾಯ್ಲೆ ಇಲ್ವಾ? ಏನೂ ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ರತ್ನಕ್ಕನ ಎರಡೂ ಕೈ ಹಿಡಿದುಕೊಂಡು, "ಬದುಕ್ಸಿದ್ರಿ ಕಣವ್ವ, ನಮ್ ವಂಶನೇ ಬದುಕ್ಸಿದ್ರಿ" ಎಂದರು. ರತ್ನಕ್ಕ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದರು, ಆಗಲಿಲ್ಲ. ಬೈಸಿಕೊಳ್ಳಲು ಸಿದ್ಧವಾಗಿ ಬಂದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು.

ಮೌನ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅಜ್ಜಿಯ ಸೆರಗು ಎಳೆದಳು.

"ನಾನ್ ಹೇಳ್ಲಿಲ್ವಾ ಅಜ್ಜಿ, ನಂಗೇನೂ ಆಗಿಲ್ಲ ಅಂತ? ದಿನಾ ಹೇಳ್ದೆ. ಮಿಸ್ಸು ಸುಳ್ ಹೇಳ್ತಾರಾ, ನೀನೇ ಸುಳ್ಳಿ ಅಂತ ನಂಗೇ ಬೈದೆ."

ಚಿಕ್ಕತಾಯಮ್ಮ ಮೊಮ್ಮಗಳ ಬಾಯಿ ಮುಚ್ಚಲು ಹೋದರು. ರತ್ನಕ್ಕ ಆ ಕೈಯನ್ನು ತಡೆದು, ರಸ್ತೆಯ ಪಕ್ಕದ ಆ ಮಣ್ಣಿನಲ್ಲೇ ಹುಡುಗಿಯ ಎದುರು ಮೊಣಕಾಲೂರಿ ಕೂತರು.

"ನೀನು ಹೇಳಿದ್ದೇ ನಿಜ ಮಗಾ" ಎಂದರು. "ಸುಳ್ಳು ಹೇಳಿದ್ದು ನಾನು."